ಎಳ್ಳಮಾವಾಸ್ಯೆಯ ತಲೆಎಣಿಕೆ

ಜಾಣತನ ಮಾಡಲು ಹೋಗಿ ಕೈ ಸುಟ್ಟುಕೊಳ್ಳುವುದೆಂದರೆ ಇದೇ ನೋಡಿ. ಶಹಾಪುರದಾಚೆ ಗುಡ್ಡಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಅಂಬ್ರಪ್ಪ ಮಾಸ್ತರು ಮುಂಜಾನೆ ಆರಕ್ಕೇ ಬಂದು ಕುಳಿತಿದ್ದರು. ಮಧ್ಯಾಹ್ನವಾದರೂ ಬಸ್ಸು ಹತ್ತಿದವರು ಬರೀ ಇಪ್ಪತ್ತಾರು ಜನ.

ಸುರಪುರ, ಶಹಾಪುರ, ಯಾದಗಿರಿ ಮೂರನ್ನೂ ಪೋಣಿಸುವ ರೈಲಿಗೆ ಹಳಿ ಹಾಕಿದ್ದು ಸರ್ಕಾರ, ಗಾಡಿ ಓಡಿಸುವುದು ಕಂಪನಿ. ದಿನಕ್ಕೆ ಮುನ್ನೂರು ಜನ ಸಿಗದ ಊರಲ್ಲಿ ಗಾಡಿ ನಿಲ್ಲಿಸೆಂದು ಕಂಪನಿಗೆ ಯಾರೂ ಹೇಳುವಂತಿಲ್ಲ. ಊರಿನಿಂದ ಬಸ್ಸು ಹತ್ತುವವರ ಎಣಿಕೆ ಒಂದೇ ದಿನ, ಒಂದೇ ಸಲ. ಸರ್ಕಾರದ ಧೋರಣೆಯಂತೆ! ಎಣಿಸುವ ಕೆಲಸ ಮಾತ್ರ ಎಂದಿನಂತೆ ಮಾಸ್ತರ ಕೊರಳಿಗೆ.

ಮಾಸ್ತರಿಗೆ ನಿಲ್ದಾಣ ಬೇಕೇ ಬೇಕಿತ್ತು. ಹೆಂಡತಿ ಭೀಮಾಬಾಯಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಯಾದಗಿರಿಗೆ ಹೋಗಬೇಕು. ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಬರುವಾಗ ಒಂದೇ ತಿಂಗಳಲ್ಲಿ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದಳು. ಹೀಗೇ ಆದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದ್ದರು.

ಅದಕ್ಕೇ ಯಾವ ದಿನ ಎಣಿಸೋಣ ಎಂದು ಕಂಪನಿಯವರು ಕೇಳಿದಾಗ, 'ಅಮಾವಾಸ್ಯೆ ದಿನ' ಎಂದು ಬರೆದುಕೊಟ್ಟಿದ್ದರು. ಅಮಾವಾಸ್ಯೆಗೆ ದೇವರಿಗೆ ಹೊರಟ ಜನ ಬಸ್ಸಿನ ಬಾಗಿಲಲ್ಲಿ ಜೋತಾಡುತ್ತಾರಲ್ಲ! ಕಂಪನಿಯವರು ಎರಡು ಸಲ ಮುಂದೂಡಿ, ಕ್ಯಾಲೆಂಡರ್ ನೋಡಿ ಆರಿಸಿದ್ದು ಎಳ್ಳಮಾವಾಸ್ಯೆಯನ್ನು. ಅವತ್ತು ಇಡೀ ಸೀಮೆಯೇ ಬುತ್ತಿ ಕಟ್ಟಿಕೊಂಡು ಪೈರಿಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತದೆ, ಬಸ್ಸಿನ ಕಡೆ ಯಾರು ಬಂದಾರು? ಬೇರೆ ದಿನ ಕೊಡಿ ಎಂದು ಮಾಸ್ತರು ಮೂರು ಅರ್ಜಿ ಬರೆದರು. "ಅಮಾವಾಸಿ ಅಂದವರು ನೀವ ಅಲ್ರೀ?" ಎಂಬ ಉತ್ತರ ಬಂತು.

ಇಪ್ಪತ್ತಾರಕ್ಕೇ ನಿಂತ ಎಣಿಕೆ ನೋಡಿ ತಡೆಯಲಾರದೆ ಮಾಸ್ತರು ಕಾಲುವೆ ದಾಟಿ ಹತ್ತಿರದ ಹೊಲಕ್ಕೆ ಓಡಿದರು. ಅಲ್ಲಿ ಖಂಡಪ್ಪನ ಮನೆಮಂದಿಯೆಲ್ಲ ಊಟಕ್ಕೆ ಕುಳಿತಿದ್ದರು.

"ಖಂಡಪ್ಪ, ಒಂದ ತಾಸು ಬಂದು ಬಸ್ ಹತ್ರೋ ಮಾರಾಯ, ಎಲ್ಲಾರ್ನೂ ಕರ್ಕೊಂಡು ಬಾ."

"ಭೂಮಿತಾಯಿಗೆ ಉಣಿಸೋ ದಿನ ಹೊಲ ಬಿಟ್ಟು ಬರಾಕ ಆಗ್ತದೇನ್ರಿ ಮಾಸ್ತರ? ನಾಳಿ ಹೇಳ್ರಿ, ಊರಿಗೂರ ಬರ್ತೀವಿ. ಕುಂದರ್ರಿ, ಒಂದ ಸಜ್ಜಿ ರೊಟ್ಟಿ ತಿನ್ರಿ."

ನಾಳೆಯಂತೆ ನಾಳೆ! ಮಾಸ್ತರಿಗೆ ಅಳು ಬಂತು. ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಸ್ಟ್ಯಾಂಡಿಗೆ ಮರಳಿದರು.

ಸಂಜೆ ಐದೂವರೆಗೆ ಯಾದಗಿರಿ ಬಸ್ಸಿನಿಂದ ಭೀಮಾಬಾಯಿ ಇಳಿದಳು. ತೋಳಿಗೆ ಪಟ್ಟಿ ಸುತ್ತಿತ್ತು. ಎಣಿಕೆ ನೋಡಲು ಬೆಳಗಿನಿಂದ ಮಾಸ್ತರ ಜೊತೆ ಕುಳಿತಿದ್ದ ಕಂಪನಿಯ ಜಲಾಲುದ್ದೀನ ಎದ್ದು ಅವಳಿಗೆ ಕುರ್ಚಿ ಕೊಟ್ಟ. ಒಳ್ಳೆಯ ಹುಡುಗ, ಆದರೆ ಅವನ ಕೈಯಲ್ಲೇನಿದೆ?

"ಎಷ್ಟ ಆತ್ರೀ?" ಎಂದಳು ಭೀಮಾಬಾಯಿ.

"ಮೂವತ್ತೆಂಟು."

ಅವಳಿಗೆ ಬೇಕಾದದ್ದು ಎಷ್ಟೆಂದು ಗೊತ್ತಿತ್ತು. ಎಣಿಕೆ ಮುಗಿಯುವ ಆರು ಗಂಟೆಗೆ ಇನ್ನು ಹತ್ತು ನಿಮಿಷವಿದ್ದಾಗ ಶಹಾಪುರದ ಕಡೆಯಿಂದ ಕೊನೆಯ ಬಸ್ಸು ಬಂತು. ಹತ್ತುವವರು ಯಾರೂ ಇರಲಿಲ್ಲ. ಭೀಮಾಬಾಯಿ ಸೆರಗು ಸರಿ ಮಾಡಿಕೊಂಡು ಎದ್ದಳು.

"ಇವತ್ತ ಸೀಟ್ ಸಿಕ್ಕಿತ್ರೀ, ಕುಂತ ಬಂದೀನಿ, ದಣಿವಿಲ್ಲ. ಇನ್ನೊಮ್ಮಿ ಹತ್ತಿ ಮುಂದಿನ ಸ್ಟಾಪಿನಾಗ ಇಳೀತೀನಿ. ಬರ್ಕೋರಿ, ಒಂದರ ಹೆಚ್ಚಾಗ್ಲಿ."

ಮಾಸ್ತರು ತಡೆಯುವಷ್ಟರಲ್ಲಿ ಅವಳು ಬಸ್ಸಿನ ಸರಳು ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ಜಲಾಲುದ್ದೀನ ಮುಖ ಆಚೆ ತಿರುಗಿಸಿದ. ಮಾಸ್ತರು ಮೂವತ್ತೊಂಬತ್ತು ಎಂದು ಬರೆದು, ಕೆಳಗೆ ಸಹಿ ಹಾಕಿದರು.