ಒಂದೇ ಕೈಯಲ್ಲಿ ತೆರೆಯುವ ಚಾಕು

ಚಿಕ್ಕದು ಬೇಕು ಎಂದಳು ಲೀಡರಕ್ಕ. ಕಾಲುಚೀಲದೊಳಗೆ ಇಟ್ಟುಕೊಂಡು ನಡೆದರೂ ಹೊರಗೆ ಗೊತ್ತಾಗಬಾರದು, ಅಷ್ಟು ಚಿಕ್ಕದು.

ಅಂಗಡಿಯವನು ನಕ್ಕುಬಿಟ್ಟ. "ಕಾಲುಚೀಲದಲ್ಲಾ? ಯಾರ ಮೇಲೆ ದಂಡೆತ್ತಿ ಹೊರಟಿದ್ದೀರಮ್ಮಾ?"

"ಹಗ್ಗದ ಮೇಲೆ," ಎಂದಳು ಪಕ್ಕದಲ್ಲಿದ್ದ ಓರಗಿತ್ತಿ. "ನೀವು ತೋರ್ಸಿ. ನಮ್ಮಕ್ಕ ಬೇಗ ತೀರ್ಮಾನ ಮಾಡೋ ಪೈಕಿ."

ಲೀಡರಕ್ಕ ಗಾಜಿನ ಪೆಟ್ಟಿಗೆಯತ್ತ ಬಗ್ಗಿದಳು. ಒಬ್ಬಳೇ ಬರಬೇಕೆಂದಿದ್ದಳು. ಚಪ್ಪಲಿ ಮೆಟ್ಟುವಾಗ ಓರಗಿತ್ತಿ, "ಚಾಕು ತರೋಕಾ? ನಾನೂ ಬರ್ತೀನಿ," ಎಂದು ಹಿಂದೆಯೇ ಇಳಿದಿದ್ದಳು. ಬೇಡ ಎನ್ನಲು ಯಾವ ಬಾಯಿ?

ಇಬ್ಬರೂ ಒಂದೇ ಮನೆಯ ಸೊಸೆಯರು. ಒಂದೇ ಅಡುಗೆಮನೆ, ಒಂದೇ ಲಾಂಡ್ರಿ ಕಾರ್ಖಾನೆ, ಒಂದೇ ಯಂತ್ರ. ಆಸ್ಪತ್ರೆ, ಹೋಟೆಲುಗಳ ಒದ್ದೆ ಹಾಸುಬಟ್ಟೆಗಳನ್ನು ನುಂಗಿ ಇಸ್ತ್ರಿ ಮಾಡಿ ಉಗುಳುವ ಬಿಸಿ ರೋಲರು ಅದು. ಬಟ್ಟೆಯ ಒಂದು ಮೂಲೆ ಅಕ್ಕನ ಕೈಯಲ್ಲಿ, ಇನ್ನೊಂದು ತಂಗಿಯ ಕೈಯಲ್ಲಿ. ಓರಗಿತ್ತಿಯರು ಜಗಳವಿಲ್ಲದೆ ಹಂಚಿಕೊಂಡದ್ದು ಲೋಕದಲ್ಲಿ ಇದೊಂದೇ ಎಂದು ಜೊತೆಯವರು ನಗುತ್ತಿದ್ದರು. ಅದು ಮೊನ್ನೆ ಮೊನ್ನೆಯ ಮಾತು. ಈಗ ಓರಗಿತ್ತಿಯ ಬಲಗೈಗೆ ಬಟ್ಟೆಯ ಗವಸು. ಒಳಗೆ ಬೆರಳುಗಳಿವೆ, ಮಡಚುವುದಿಲ್ಲ.

ರೋಲರಿನ ಬಾಯಿಗೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿಯಿದೆ. ಏನಾದರೂ ತಾಗಿ ಅದು ಕೆಳಗೆ ಬಿದ್ದರೆ ಯಂತ್ರ ನಿಲ್ಲುತ್ತದೆ. ಕೈ ಉಳಿಸಲೆಂದೇ ಇರುವ ಪಟ್ಟಿ. ಬಟ್ಟೆಯ ಮಡಿಕೆ ತಾಗಿದರೂ ಅದು ಬೀಳುತ್ತಿತ್ತು. ಯಂತ್ರ ನಿಂತರೆ ಮೇಲ್ವಿಚಾರಕನ ಉಸಿರೇ ನಿಲ್ಲುತ್ತಿತ್ತು. ಬಟ್ಟೆ ಮೂಟೆಗಳಿಗೆ ಕಟ್ಟಿ ಬರುವ ನೈಲಾನ್ ಹಗ್ಗದಿಂದ ಆತ ಪಟ್ಟಿಯನ್ನು ಮೇಲಕ್ಕೆ ಬಿಗಿದುಬಿಟ್ಟ. ಹೆಂಗಸರು ಮೂಟೆ ಬಿಚ್ಚುವ ಚಾಕುವಿನಿಂದಲೇ ಆ ಹಗ್ಗವನ್ನೂ ಕತ್ತರಿಸಿದರು. ಆತ ಮತ್ತೆ ಕಟ್ಟಿದ. ಇವರು ಮತ್ತೆ ಕತ್ತರಿಸಿದರು. ಆಗ ಮ್ಯಾನೇಜರು ಲೀಡರಕ್ಕನನ್ನು ಕರೆಸಿದ. ಕೆಲಸದವರೆಲ್ಲ ಕೈಯೆತ್ತಿ ಆರಿಸಿದ ಮುಂದಾಳು ಅವಳು.

ಆತ ಕುರ್ಚಿ ಎಳೆದು ಕೊಟ್ಟ. ಟೀ ತರಿಸಿದ. ಆ ಕೋಣೆಯಲ್ಲಿ ಅವಳು ಅದುವರೆಗೆ ಕೂತದ್ದೇ ಇಲ್ಲ.

"ನಿಮ್ಮವರ ಚಾಕು ತಾಗಿ ಬಟ್ಟೆಗಳು ಹರೀತಿವೆ. ನೀವೇ ಒಂದು ಮಾತು ಹೇಳಿ ಎಲ್ಲ ಒಟ್ಟುಮಾಡಿಬಿಡಿ. ಇಲ್ಲೇ ಬೀರುವಿನಲ್ಲಿಡೋಣ, ಕೀಲಿ ನಿಮ್ಮ ಹತ್ರಾನೇ ಇರಲಿ."

ಒಂದು ಬಟ್ಟೆಯೂ ಹರಿದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಟೀ ಕುಡಿದಳು. ಮರ್ಯಾದೆಯ ರುಚಿ ಹತ್ತಿಸಿ ಕೆಲಸ ಮಾಡಿಸಿಕೊಳ್ಳುವುದು ಅವರಿಗೆ ಹೊಸದಲ್ಲ. ಆ ರುಚಿ ಇವಳಿಗೆ ಹೊಸದು. ತಗಡಿನ ಬಿಸ್ಕತ್ತು ಡಬ್ಬಿ ಹಿಡಿದು ಸಾಲಿನುದ್ದಕ್ಕೂ ನಡೆದಳು. "ಹಾಕ್ರೇ, ನಾನಿದ್ದೀನಲ್ಲ! ಬೇಕಾದಾಗ ನಾನೇ ತೆಗೆದುಕೊಡ್ತೀನಿ."

ಮೊದಲು ತಡೆದವಳು ಓರಗಿತ್ತಿ. "ಅಕ್ಕಾ, ನನಗ್ಯಾಕೋ ಇದು ಸರಿ ಕಾಣ್ತಿಲ್ಲ."

"ಸುಮ್ನೆ ಹಾಕೇ. ಮನೆಯವಳೇ ಹೀಗಂದ್ರೆ ಹೊರಗಿನವರಿಗೆ ನಾನು ಯಾವ ಮುಖ ತೋರಿಸ್ಲಿ?"

ಅವಳು ಹಾಕಿದಳು. ಅವಳು ಹಾಕಿದ್ದನ್ನು ನೋಡಿ ಉಳಿದವರೂ ಹಾಕಿದರು. ಡಬ್ಬಿ ಆಫೀಸಿನ ಬೀರು ಸೇರಿತು. ಕೀಲಿ ಲೀಡರಕ್ಕನ ಕೊರಳಿಗೆ ಬಂತು.

"ಇದು ನೋಡಿ," ಅಂಗಡಿಯವನು ಹೆಬ್ಬೆರಳುದ್ದದ್ದೊಂದನ್ನು ಅಂಗೈಯಲ್ಲಿಟ್ಟ. "ಚಾಕು, ಕತ್ತರಿ, ಅರ, ಚಿಮುಟ, ಹಲ್ಲುಕಡ್ಡಿ ಕೂಡ ಇದೆ."

ಲೀಡರಕ್ಕನ ಕಣ್ಣರಳಿತು. ಕಾಲುಚೀಲಕ್ಕೆ ಹೇಳಿ ಮಾಡಿಸಿದಂತಿತ್ತು. ಗೇಟಿನ ಕಾವಲುಗಾರ ಜೇಬು ತಡಕುತ್ತಾನೆ, ಚೀಲ ತಡಕುತ್ತಾನೆ, ಪಾದದ ತಂಟೆಗೆ ಬರುವುದಿಲ್ಲ. "ಇದೇ ಇರಲಿ."

"ಹಲ್ಲುಕಡ್ಡಿ ಒಳ್ಳೇದೇ," ಎಂದಳು ಓರಗಿತ್ತಿ. "ಕೈ ಸಿಕ್ಕಿಕೊಂಡವಳು ಕಾಯ್ತಾ ಹಲ್ಲು ಕೆದಕ್ಕೊಂಡು ಕೂತಿರಬಹುದು. ಇಲ್ಲಿ ಕೊಡಿ."

ಎಡಗೈಯಲ್ಲಿ ಹಿಡಿದು ಅಲಗು ಎತ್ತಲು ನೋಡಿದಳು. ಉಗುರು ಜಾರಿತು. ಚಾಕುವನ್ನು ಎದೆಗೆ ಒತ್ತಿ ನೋಡಿದಳು. ಬಾಯಿಗಿಟ್ಟು ಹಲ್ಲಿನಿಂದ ಎಳೆದಳು. ಅಂಗಡಿಯವನ ನಗು ಅಲ್ಲಿಗೆ ಇಂಗಿತು.

"ನಾನು ತಾನೇ ಇಟ್ಕೊಳ್ಳೋದು," ಎಂದಳು ಲೀಡರಕ್ಕ ಮೆಲ್ಲಗೆ. "ನನಗೆರಡೂ ಕೈಯಿದೆ."

ಅಂದಮೇಲೆ ನಾಲಗೆ ಕಚ್ಚಿಕೊಂಡಳು.

ಓರಗಿತ್ತಿ ಕೇಳಿಸಿಕೊಳ್ಳದವಳಂತೆ ಜೇಬಿನಿಂದ ಹಗ್ಗದ ತುಂಡು ತೆಗೆದು ಗಾಜಿನ ಮೇಲಿಟ್ಟಳು. ನೀಲಿ ನೈಲಾನ್ ಹಗ್ಗ. "ಇನ್ನೊಂದು ತೋರ್ಸಿ. ಇದನ್ನ ಕತ್ತರಿಸಬೇಕು."

ಎರಡನೆಯದು ತುಸು ದೊಡ್ಡದು. ತೆರೆಯಿತೇನೋ ಸರಿ, ಹಗ್ಗಕ್ಕಿಟ್ಟು ಒತ್ತಿದ್ದೇ ತಡ ಅಲಗು ಹಿಂದಕ್ಕೆ ಮಡಚಿ ಬೆರಳಿನತ್ತ ಬಂತು. ಅಂಗಡಿಯವನೇ ಅಯ್ಯೋ ಎಂದು ಕಿತ್ತುಕೊಂಡ. "ಇದಕ್ಕೆ ಲಾಕ್ ಇಲ್ಲಮ್ಮಾ."

"ಬೇಡಪ್ಪಾ. ಉಳಿದಿರೋ ಕೈ ಇದೊಂದೇ."

ಮೂರನೆಯದು ಇಕ್ಕಳ, ಚಾಕು ಎಲ್ಲ ಒಂದರಲ್ಲೇ ಮಡಚಿಟ್ಟ ಮಲ್ಟಿಟೂಲ್. ಅಲಗಿನಲ್ಲಿ ಹೆಬ್ಬೆರಳಿಗೊಂದು ತೂತು, ಅರ್ಧಕ್ಕೆ ಗರಗಸದ ಹಲ್ಲು. ಓರಗಿತ್ತಿ ಎಡಗೈಯ ಹೆಬ್ಬೆರಳು ತೂರಿಸಿ ತಳ್ಳಿದಳು. ಟಕ್ಕೆಂದು ತೆರೆದು ನಿಂತಿತು. ಹಗ್ಗ ಎರಡಾಯಿತು.

ಲೀಡರಕ್ಕ ಅದನ್ನು ತಿರುಗಿಸಿ ನೋಡಿದಳು. ಅಂಗೈ ತುಂಬುವ ಉಕ್ಕು. "ಇದು ಕಾಲುಚೀಲದಲ್ಲಿ ಕೂರಲ್ಲ. ಗೇಟಲ್ಲೇ ಸಿಕ್ಕಿಬೀಳ್ತೀನಿ."

"ಸಿಕ್ಕಿಬೀಳು."

"ಕೆಲಸ ಹೋಗುತ್ತೆ ಕಣೇ. ಮನೇಲಿ ಈಗ ನನ್ನೊಬ್ಬಳದೇ..." ನನ್ನೊಬ್ಬಳದೇ ಯಾಕಾಯಿತು ಎಂಬುದು ಎದುರಿಗೇ ಗವಸು ಹಾಕಿಕೊಂಡು ನಿಂತಿತ್ತು.

ಓರಗಿತ್ತಿ ದನಿ ಎತ್ತಲಿಲ್ಲ. "ಆವತ್ತು ಬಲಗೈ ರೋಲರಿಗೆ ಸಿಕ್ಕಾಗ ನನ್ನ ಎಡಗೈ ಖಾಲಿ ಇತ್ತು, ಅಕ್ಕಾ. ಹಗ್ಗ ಎಟುಕ್ತಿತ್ತು. ಉಗುರಲ್ಲಿ ಕಿತ್ತೆ. ಮೊದಲಾಗಿದ್ರೆ ನನ್ನ ಚಾಕು ಅಲ್ಲೇ ಕಟ್ಟೆ ಮೇಲೆ ತೆರೆದು ಇಟ್ಟಿರ್ತಿದ್ದೆ. ತಿರುಗಿ ನೋಡಿದ್ರೆ ನೀನು ಬೆನ್ನು ಹಾಕಿ ಓಡ್ತಿದ್ದೆ."

"ಡಬ್ಬಿ ತರೋಕೆ ಕಣೇ. ಬೀರು ತೆಗೆದು..."

"ಗೊತ್ತು. ನಿನ್ನದೂ ಡಬ್ಬಿಯಲ್ಲೇ ಇತ್ತಲ್ಲ. ಯಂತ್ರ ನಿಲ್ಲಿಸೋ ಕೆಂಪು ಬಟನ್ನಿಗೆ ಅಡ್ಡ ಬಟ್ಟೆ ಗಾಡಿಗಳನ್ನ ನಿಲ್ಲಿಸಿದ್ರು, ಅವನ್ನ ತಳ್ಳಿ ಯಾರೋ ಒತ್ತಿದ್ರು. ನೀನು ಚಾಕು ಹಿಡ್ಕೊಂಡು ಬಂದಾಗ ಎಲ್ಲ ಮುಗಿದಿತ್ತು." ಹಗ್ಗದ ತುಂಡುಗಳನ್ನು ಜೇಬಿಗೆ ಹಾಕಿಕೊಂಡಳು. "ಈಗ ಕದ್ದು ಒಯ್ಯೋ ಚಾಕು ನಿನ್ನ ಕೈ ಉಳಿಸುತ್ತೆ. ಡಬ್ಬಿಗೆ ಹಾಕಿದವರ ಕೈ? ನನ್ನ ಜಾಗಕ್ಕೆ ಹೊಸಬಳೊಬ್ಬಳನ್ನ ನಿಲ್ಸಿದ್ದಾರಂತಲ್ಲ, ಅವಳ ಕೈ?"

ಅಂಗಡಿಯವನು ಇಲ್ಲದ ಧೂಳು ಒರೆಸತೊಡಗಿದ. ಲೀಡರಕ್ಕ ಚಿಕ್ಕದನ್ನು ಅವನ ಕಡೆ ಸರಿಸಿದಳು. ದೊಡ್ಡದಕ್ಕೆ ದುಡ್ಡು ಕೊಟ್ಟಳು. ಕಾಗದದಲ್ಲಿ ಕಟ್ಟಿಸಿಕೊಳ್ಳಲಿಲ್ಲ, ಹಾಗೇ ಪ್ಯಾಂಟಿನ ಜೇಬಿನಂಚಿಗೆ ಕ್ಲಿಪ್ಪು ಸಿಕ್ಕಿಸಿ, ಹೊರಗೆ ಕಾಣುವಂತೆ ಬಿಟ್ಟಳು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ ಕಣ್ಣು ಕಿರಿದು ಮಾಡಿದ. "ಏನಿದು, ಲೀಡರಕ್ಕ?"

"ಚಾಕು."

"ನೀವೇ ಹೀಗೆ ಮಾಡಿದ್ರೆ ಹೇಗೆ? ಡಬ್ಬಿಗೆ ಹಾಕ್ಬಿಡಿ."

"ಡಬ್ಬಿ ಹತ್ರಾನೇ ಹೊರಟಿದ್ದೀನಿ."

ಆಫೀಸಿಗೆ ಹೋಗಿ ಕೊರಳಿನ ಕೀಲಿ ತೆಗೆದು ಬೀರು ತೆರೆದಳು. ಗುಮಾಸ್ತ "ಕೇಳಿದ್ದೀರಾ?" ಎಂದ. "ಕೀಲಿ ನನ್ನ ಹತ್ರ ಇದ್ದಮೇಲೆ ಯಾರನ್ನ ಕೇಳ್ಬೇಕು?" ಎಂದವಳು ಡಬ್ಬಿಯನ್ನು ಎದೆಗವಚಿಕೊಂಡು ಯಂತ್ರಗಳ ನಡುವೆ ಬಂದು ಮುಚ್ಚಳ ತೆರೆದಳು.

"ನಿಮ್ಮ ನಿಮ್ಮದು ತಗೊಳ್ರೇ."

ಯಾರೂ ಮುಂದೆ ಬರಲಿಲ್ಲ. ಹೆಂಗಸರು ಡಬ್ಬಿ ನೋಡಿದರು, ಅವಳ ಮುಖ ನೋಡಿದರು. ಇದೇ ಡಬ್ಬಿ, ಇದೇ ಬಾಯಿ. ನಾನಿದ್ದೀನಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು. ಡಬ್ಬಿಯನ್ನು ನೆಲದ ಮೇಲಿಟ್ಟು ರೋಲರಿನ ಹತ್ತಿರ ಹೋದಳು. ಅಷ್ಟಾದ ಮೇಲೂ ಪಟ್ಟಿ ಹಾಗೇ ಬಿಗಿದಿತ್ತು, ಹಗ್ಗ ಮಾತ್ರ ಹೊಸದು. ಓರಗಿತ್ತಿಯ ಜಾಗದಲ್ಲಿದ್ದ ಹೊಸಬಳು ಹೆದರಿ ಹಿಂದೆ ಸರಿದಳು. ಲೀಡರಕ್ಕ ಹೆಬ್ಬೆರಳಿನಿಂದ ಅಲಗು ತಳ್ಳಿ ಹಗ್ಗಕ್ಕಿಟ್ಟಳು.

ಪಟ್ಟಿ ಬಿತ್ತು. ರೋಲರು ನಿಂತಿತು.

"ಯಾವಳೇ ಅದು?" ಎಂದು ಕೂಗುತ್ತ ಮೇಲ್ವಿಚಾರಕ ಓಡಿಬಂದ. ಅವಳನ್ನು ಕಂಡು ತಬ್ಬಿಬ್ಬಾದ. "ನೀನಾ? ನಡಿ, ಮ್ಯಾನೇಜರ್ ಹತ್ರ ನಡಿ!"

"ಬರ್ತೀನಿ. ಈ ಸಲ ಕುರ್ಚಿ ಬೇಡ ಅಂತ ಹೇಳು."

ಹಿಂದಿನಿಂದ ತಗಡಿನ ಸದ್ದು ಕೇಳಿತು. ಒಂದು ಕೈ, ಆಮೇಲೆ ಇನ್ನೊಂದು. ಅವಳು ತಿರುಗಿ ನೋಡುವಷ್ಟರಲ್ಲಿ ಡಬ್ಬಿಯ ಸುತ್ತ ಬಗ್ಗಿದ ಬೆನ್ನುಗಳು. ಯಾರೂ ಅವಳತ್ತ ನಗಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ.

ಎಲ್ಲರೂ ಸರಿದ ಮೇಲೆ ಒಂದು ಚಾಕು ಉಳಿದಿತ್ತು, ಹಿಡಿಗೆ ಕೆಂಪು ದಾರ ಸುತ್ತಿದ್ದು. ಹಾಕು ಎಂದು ಗದರಿದಾಗ ಓರಗಿತ್ತಿ ಎರಡೂ ಕೈಯಿಂದ ಮಡಚಿ ಹಾಕಿದ್ದು. ಲೀಡರಕ್ಕ ಅದನ್ನೆತ್ತಿಕೊಂಡು, ಬಲಗೈಯನ್ನು ಬೆನ್ನ ಹಿಂದೆ ಇಟ್ಟು, ಎಡಗೈಯೊಂದರಿಂದಲೇ ತೆರೆಯಲು ನೋಡಿದಳು.

ಬರಲಿಲ್ಲ. ಮೇಲ್ವಿಚಾರಕ ಕೂಗುತ್ತಲೇ ಇದ್ದ. ಅವಳು ಮತ್ತೆ ನೋಡಿದಳು.