ಲಿಂಡ್ಸೆಯ ಪಿಂಗಾಣಿ ಜಗ್

ವರ್ನಾ ಊರೂರು ತಿರುಗಿ ಪಿಯಾನೋ ನುಡಿಸುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಆದರೂ ವಾರಿಂಗಾ ಹಾಲ್‌ನವರು ಫೋನ್ ಮಾಡಿ, ಹಳಬರಿಗೆಂದು ಒಂದು ಡಾನ್ಸ್ ಇಟ್ಟುಕೊಂಡಿದ್ದೇವೆ, ಬಂದು ನುಡಿಸಿಕೊಡಿ ಎಂದಾಗ, ಅವರು ಮಾತು ಮುಗಿಸುವ ಮೊದಲೇ ಆಕೆ ಹೂಂ ಅಂದುಬಿಟ್ಟಿದ್ದಳು. ಡಾನ್ಸ್ ಇದ್ದದ್ದು ಮಧ್ಯಾಹ್ನ. ಹೊತ್ತು ಮುಳುಗುತ್ತಿದ್ದಂತೆ ಕುರುಚಲು ಕಾಡಿನ ಆ ಮ್ಯಾಲಿ ಸೀಮೆಯ ರಸ್ತೆಗಳೆಲ್ಲ ಕಾಂಗರೂಗಳ ಪಾಲು. ಕಣ್ಣು ಮಂಜಾದವರು ಅಷ್ಟರೊಳಗೆ ಮನೆ ಸೇರಿಕೊಳ್ಳಬೇಕು.

ಕಾರು ಓಡಿಸುತ್ತಿದ್ದವನು ಮೈದುನ ಕ್ಲಾರಿ. ಹಿಂದೆ ಕ್ಯಾರವಾನ್, ಅದರೊಳಗೆ ಅವನ ಡ್ರಮ್ಮುಗಳು. ವರ್ನಾಳ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದಿತ್ತು.

"ಅತ್ತಿಗೆ, ಏನದು, ಕೂಸು ಮಲಗಿಸ್ಕೊಂಡ ಹಾಗೆ ಹಿಡ್ಕೊಂಡಿದೀರ?"

"ನಿಮ್ಮಣ್ಣನ ಜಗ್ಗು."

"ಅಯ್ಯೋ, ಅದಿನ್ನೂ ಬದುಕಿದೆಯಾ? ಕ್ಯಾರವಾನ್‌ನಲ್ಲಿ ಹೊಸ ಕೆಟಲ್ ಇದೆಯಲ್ಲ. ನೀರು ಕುದಿದ ತಕ್ಷಣ ತಾನೇ ಆಫ್ ಆಗುತ್ತೆ. ನನಗಿಂತ ಬುದ್ಧಿ ಜಾಸ್ತಿ ಅದಕ್ಕೆ."

"ನಿನಗಿಂತ ಬುದ್ಧಿ ಜಾಸ್ತಿ ಇರೋಕೆ ಕೆಟಲ್ಲೇ ಬೇಕಾಗಿಲ್ಲ. ರಸ್ತೆ ನೋಡ್ಕೊಂಡು ಓಡ್ಸು."

ಕ್ಲಾರಿ ನಕ್ಕ. ಅತ್ತಿಗೆಯ ಬಾಯಿಗೆ ಸಿಕ್ಕಿ ಗೆದ್ದವನಲ್ಲ ಅವನು.

ಹಿಂದೆ ಅವರು ಮೂವರ ತಂಡ. ಗೋಧಿ ಕೊಯ್ಲು ಮುಗಿದರೆ ಸಾಕು, ಪ್ರತಿ ಶನಿವಾರ ಯಾವುದಾದರೊಂದು ಹಾಲ್. ಕ್ಲಾರಿಯ ಅಣ್ಣ ಲಿಂಡ್ಸೆ ಅಕಾರ್ಡಿಯನ್, ವರ್ನಾ ಪಿಯಾನೋ, ಕ್ಲಾರಿ ಡ್ರಮ್ಮು. ಹಾಲ್‌ನ ಹೆಂಗಸರು ಊಟದ ಹೊತ್ತಿಗಷ್ಟೇ ಚಹಾ ಮಾಡುತ್ತಿದ್ದರು, ಅದೂ ಮೊದಲು ಕುಣಿದವರಿಗೆ. ವಾದ್ಯದವರಿಗೆ ಸಿಗುತ್ತಿದ್ದದ್ದು ಕೊನೆಯ ತಣ್ಣನೆಯ ಗಷ್ಟು. ಅದಕ್ಕೇ ಲಿಂಡ್ಸೆ ನೀರು ಕುದಿಸುವ ಕರೆಂಟ್ ಜಗ್ಗೊಂದನ್ನು ತಾನೇ ಹೊತ್ತು ತಿರುಗುತ್ತಿದ್ದ. ಕಂದು ಹೊಳಪಿನ ಪಿಂಗಾಣಿ ಜಗ್, ಒಳಗೆ ಬರಿಯ ತಂತಿಯ ಸುರುಳಿ, ಹಿಂದೆ ಬಟ್ಟೆ ಸುತ್ತಿದ ವೈರು.

ಆ ಕಾಲದಲ್ಲಿ ವಾರಿಂಗಾದಂಥ ಊರಿಗೆ ಕರೆಂಟ್ ಬರುತ್ತಿದ್ದದ್ದು ಒಂದೇ ಒಂದು ತಂತಿಯಲ್ಲಿ, ಅದೂ ಮೈಲುಗಟ್ಟಲೆ ದೂರದಿಂದ. ಲಿಂಡ್ಸೆ ಜಗ್ಗಿನ ಸ್ವಿಚ್ ಹಾಕಿದರೆ ಹಾಲ್‌ನ ದೀಪಗಳೆಲ್ಲ ಒಮ್ಮೆಲೇ ಮಂಕಾಗುತ್ತಿದ್ದವು. ಮಂಕಾಯಿತು ಎಂದರೆ ಮುಂದಿನದು ಸಪ್ಪರ್ ವಾಲ್ಟ್ಜ್, ಊಟಕ್ಕೆ ಮುಂಚಿನ ಜೋಡಿ ಕುಣಿತ. ಆ ವಾಲ್ಟ್ಜಿಗೆ ಯಾವ ಹುಡುಗಿಯ ಕೈ ಹಿಡಿಯುತ್ತಾನೋ, ಊಟಕ್ಕೂ ಅವಳ ಪಕ್ಕದಲ್ಲೇ ಕೂರುವ ಹಕ್ಕು ಹುಡುಗನಿಗೆ. ದೀಪ ಮಂಕಾದದ್ದೇ ತಡ, ಗೋಡೆಗೊರಗಿ ನಿಂತಿದ್ದ ಗಂಡುಗಳೆಲ್ಲ ಕುರಿ ಹಿಂಡಿನ ಹಾಗೆ ಒಬ್ಬರ ಮೇಲೊಬ್ಬರು ಬಿದ್ದು ಓಡುತ್ತಿದ್ದರು. ಆ ಸೀಮೆಯಲ್ಲಿ ಎಷ್ಟು ಮದುವೆಗಳು ಆ ಜಗ್ಗಿನಿಂದ ಆಗಿವೆಯೋ, ಪಾದ್ರಿಗಳಿಗೂ ಗೊತ್ತಿರಲಿಕ್ಕಿಲ್ಲ.

ವರ್ನಾಳದೂ ಹಾಗೆಯೇ ಆದದ್ದು, ಇದೇ ವಾರಿಂಗಾದಲ್ಲಿ. ದೀಪ ಮಂಕಾಯಿತು. ಜಗ್ ಹಾಕಿ ಬಂದ ಲಿಂಡ್ಸೆ ಅಕಾರ್ಡಿಯನ್ ಎತ್ತಿಕೊಳ್ಳದೆ ಪಿಯಾನೋದ ಮೇಲೆ ಬಾಗಿದ. ರಾಗವಿಲ್ಲದೆ ಬರಿಯ ತಾಳ ಬಡಿಯುತ್ತಿದ್ದ ವರ್ನಾಳ ಕಿವಿಯ ಹತ್ತಿರ, "ಈ ಪೆಟ್ಟಿಗೆ ಹೊತ್ತು ಹೊತ್ತು ನನಗೆ ಯಾವತ್ತೂ ಊಟಕ್ಕೆ ಜೋಡಿ ಸಿಕ್ಕಿಲ್ಲ. ನೀನು ಬರ್ತೀಯಾ, ಕೊನೇವರೆಗೂ?" ಎಂದ.

ಮಾತು ನೆನಪಿತ್ತು. ದನಿ ಮರೆತುಹೋಗಿತ್ತು. ಅದೇ ಆಕೆಯ ಸಂಕಟ. ಅವನು ತೀರಿಕೊಂಡ ಹೊಸತರಲ್ಲಿ ಅಡಿಗೆಮನೆಯಲ್ಲಿ ನಿಂತರೂ ಅವನ ದನಿ ಕೇಳುತ್ತಿತ್ತು. ಈಚೆಗೆ ಎಷ್ಟು ತಡಕಾಡಿದರೂ ಇಲ್ಲ. ಫೋಟೋಗಳಿದ್ದವು, ಆದರೆ ಅವನ ದನಿಯನ್ನು ಯಾರೂ ಎಲ್ಲೂ ಹಿಡಿದಿಟ್ಟಿರಲಿಲ್ಲ. ಅದೇ ಹಾಲ್‌ನಲ್ಲಿ, ಅದೇ ಜಗ್ ಹಾಕಿ, ದೀಪ ಒಮ್ಮೆ ಮಂಕಾದರೆ ಆ ದನಿ ಬಂದೇ ಬರುತ್ತದೆ ಎಂದು ಆಕೆ ನಂಬಿಕೊಂಡಿದ್ದಳು. ಇದನ್ನು ಕ್ಲಾರಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ನಗುತ್ತಿರಲಿಲ್ಲ, ಅಳುತ್ತಿದ್ದ. ಅದು ಇನ್ನೂ ತಾಪತ್ರಯ.

ಹಾಲ್‌ನ ಬಾಗಿಲಲ್ಲೇ ಮೇಜು ಹಾಕಿಕೊಂಡು ಎಲೆಕ್ಟ್ರಿಷಿಯನ್ ಗ್ರೇಮ್ ಕೂತಿದ್ದ. ಹೊರಗಿನಿಂದ ಬರುವ ಪ್ಲಗ್ಗಿನ ಸಾಮಾನೆಲ್ಲ ಅವನ ಕೈ ದಾಟಿಯೇ ಒಳಗೆ ಹೋಗಬೇಕು. ಪಾಸಾದದ್ದರ ವೈರಿಗೆ ಒಂದು ಟ್ಯಾಗ್ ಸುತ್ತುತ್ತಾನೆ. ಫೇಲಾದದ್ದರ ವೈರನ್ನು ಯಜಮಾನರ ಕಣ್ಣೆದುರೇ ಕತ್ತರಿಸುತ್ತಾನೆ. ಕ್ಲಾರಿಯ ಪುಟ್ಟ ಕೆಟಲ್ಲಿಗೆ ಟ್ಯಾಗ್ ಬಿತ್ತು. ವರ್ನಾ ಟವೆಲ್ ಬಿಚ್ಚಿದಾಗ ಗ್ರೇಮ್‌ನ ಮುಖ ಅರಳಿತು, ಕೂಡಲೇ ಬಾಡಿತು.

"ನಮ್ಮಜ್ಜಿ ಮನೇಲಿ ಇಂಥದೇ ಇತ್ತು. ಆದ್ರೆ ಆಗಲ್ಲ ವರ್ನಾ. ಇದರಲ್ಲಿ ಸುರುಳಿ ನೇರ ನೀರಲ್ಲೇ ಇರುತ್ತೆ. ಸ್ವಿಚ್ ಹಾಕಿದ್ರೆ ನೀರಿಗೇ ಕರೆಂಟ್ ಬರುತ್ತೆ."

"ಅಷ್ಟು ವರ್ಷ ಬಳಸಿದೀವಿ. ಯಾರೂ ಸತ್ತಿಲ್ಲ."

"ನಿಮಗೆ ಅದರ ಸ್ವಭಾವ ಗೊತ್ತಿತ್ತು, ಅದಕ್ಕೆ. ಈಗಿನವರಿಗೆ ಗೊತ್ತಿಲ್ಲ. ಊರಿಗೆ ಹೊಸ ಲೈನ್ ಬಂದ ಮೇಲೆ ಹಾಲ್‌ನ ದೀಪದ ಕಡೆ ಎಲ್ಲಾ ಹೊಸ ವೈರಿಂಗ್ ಮಾಡಿದೀನಿ, ಅಡಿಗೆಮನೆ ಕಡೆ ಇನ್ನೂ ಹಳೇದೇ. ಕರೆಂಟ್ ಹೊಡೆದ್ರೆ ತಾನಾಗೇ ಕಡಿಯೋ ಸ್ವಿಚ್ ಇನ್ನೂ ಹಾಕಿಲ್ಲ ಅಲ್ಲಿ."

ಕತ್ತರಿ ಅವನ ಕೈಯಲ್ಲೇ ಇತ್ತು. ಆಕೆಯ ಮುಖ ನೋಡಿ ಅವನು ಅದನ್ನು ಕೆಳಗಿಟ್ಟ.

"ಕಾರಲ್ಲಿಡಿ. ಮನೇಲಿ ಹೂವು ಜೋಡಿಸೋಕೆ ಚೆನ್ನಾಗಿರುತ್ತೆ. ನಾನು ನೋಡ್ಲಿಲ್ಲ ಅಂದ್ಕೋತೀನಿ."

ವರ್ನಾ ತಲೆಯಾಡಿಸಿದಳು. ಕಾರಿನ ತನಕವೂ ಹೋದಳು. ಅಲ್ಲಿ ಜಗ್ಗನ್ನು ಸ್ವರಪುಸ್ತಕಗಳ ಚೀಲಕ್ಕೆ ಇಳಿಸಿ, ಅಡಿಗೆಮನೆಯ ಹಿಂಬಾಗಿಲಿಂದ ಒಳಗೆ ಬಂದಳು. ಎಪ್ಪತ್ತು ದಾಟಿದ ಹೆಂಗಸು ಕಳ್ಳಹೆಜ್ಜೆ ಇಟ್ಟುಕೊಂಡು ಬರುವುದನ್ನು ಯಾರಾದರೂ ನೋಡಿದ್ದರೆ ನಕ್ಕು ಬಿಡುತ್ತಿದ್ದರು. ಯಾರೂ ನೋಡಲಿಲ್ಲ.

ಡಾನ್ಸ್ ಶುರುವಾಯಿತು. ಬಿಸಿಲಿಗೆ ಪರದೆ ಎಳೆದು ದೀಪ ಹಾಕಿದ್ದರು. ಮಂಡಿ ನೋವಿನವರು, ಸೊಂಟ ಹಿಡಿದವರು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡವರು, ಎಲ್ಲರೂ ಪೌಡರ್ ಚೆಲ್ಲಿದ ಮರದ ನೆಲದ ಮೇಲೆ ಜಾರುತ್ತ ಮತ್ತೆ ಹರೆಯದವರಾದರು. ವರ್ನಾಳ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಸಪ್ಪರ್ ವಾಲ್ಟ್ಜಿಗೆ ಮುಂಚಿನ ಬಿಡುವಿನಲ್ಲಿ ಆಕೆ ಎದ್ದು ಅಡಿಗೆಮನೆಗೆ ಹೋದಳು. ಹೆಂಗಸರು ಹೊರಗಿನ ಮೇಜಿಗೆ ಸ್ಯಾಂಡ್‌ವಿಚ್ ಸಾಗಿಸುತ್ತಿದ್ದರು. ಮೂಲೆಯಲ್ಲಿ ಜಗ್ ಇಟ್ಟು, ನೀರು ತುಂಬಿ, ಮುಚ್ಚಳ ಹಾಕಿ, ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿ ಬೇಗ ಬೇಗ ಪಿಯಾನೋಗೆ ಮರಳಿದಳು.

ತಲೆಯೆತ್ತಿ ನೋಡಿದರೆ ದೀಪಗಳು ನಿಗಿನಿಗಿ ಉರಿಯುತ್ತಿದ್ದವು.

ಇನ್ನೇನು ಮಂಕಾಗುತ್ತದೆ ಎಂದುಕೊಂಡು ಆಕೆ ವಾಲ್ಟ್ಜ್ ಎತ್ತಿಕೊಂಡಳು. ಆಗಲಿಲ್ಲ. ಮತ್ತೊಂದು ಸುತ್ತು ಬಂತು, ಆಗಲೂ ಇಲ್ಲ. ಗ್ರೇಮ್ ಬಾಗಿಲಲ್ಲೇ ಹೇಳಿದ್ದನಲ್ಲ, ಊರಿಗೆ ಹೊಸ ಲೈನು, ದೀಪದ ಕಡೆ ಹೊಸ ವೈರಿಂಗ್ ಎಂದು. ಕಿವಿಗೆ ಬಿದ್ದದ್ದು ತಲೆಗೆ ಹೋಗಿರಲಿಲ್ಲ. ಈ ದೀಪಗಳಿಗೂ ಆ ಜಗ್ಗಿಗೂ ಈಗ ಯಾವ ಸಂಬಂಧವೂ ಇರಲಿಲ್ಲ. ಆಕೆಗೆ ಅಳು ಬಂತು. ಇಷ್ಟು ದೂರ ಬಂದದ್ದು ಸುಳ್ಳಾಯಿತು ಅನಿಸಿತು.

ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಆ ಜಗ್ ತಾನಾಗಿ ಆಫ್ ಆಗುವುದಿಲ್ಲ. ಅಡಿಗೆಮನೆಯಲ್ಲಿರುವವರಿಗೋ ತಾನಾಗಿ ಆಫ್ ಆಗುವ ಕೆಟಲ್ ಬಿಟ್ಟು ಬೇರೆ ಗೊತ್ತಿಲ್ಲ. ಕುದಿಯುವುದು ಕಂಡರೆ ಕೈ ಹಾಕುತ್ತಾರೆ.

ವರ್ನಾ ಜನ್ಮದಲ್ಲಿ ಎಂದೂ ಹಾಡನ್ನು ನಡುವೆ ಬಿಟ್ಟವಳಲ್ಲ; ಒಮ್ಮೆ ಹಾಲ್‌ನ ಹೊರಗೆ ಹುಲ್ಲಿಗೆ ಬೆಂಕಿ ಬಿದ್ದಾಗಲೂ ಸಾಲು ಮುಗಿಸಿಯೇ ಎದ್ದಿದ್ದಳು. ಈಗ ಅರ್ಧ ಸಾಲಿಗೇ ಎದ್ದು ಓಡಿದಳು. ಜೋಡಿಗಳು ಒಂದು ಕಾಲೆತ್ತಿದ ಹಾಗೇ ನಿಂತವು. ಕ್ಲಾರಿಯ ಡ್ರಮ್ಮು ನಾಲ್ಕು ಪೆಟ್ಟು ಒಂಟಿಯಾಗಿ ಬಡಿದು ನಿಂತಿತು.

ಅಡಿಗೆಮನೆಯಲ್ಲಿ ಹಾಲ್ ನೋಡಿಕೊಳ್ಳುವ ರೇಲೀನ್ ಜಗ್ಗಿನ ಮುಂದೆ ನಿಂತಿದ್ದಳು. ಆಗತಾನೇ ಪಾತ್ರೆ ತೊಳೆದ ಒದ್ದೆ ಕೈ. ಒಂದು ಕೈ ನಲ್ಲಿಯ ಮೇಲೆ. ಇನ್ನೊಂದರಲ್ಲಿ ಆಗಲೇ ತೆಗೆದ ಮುಚ್ಚಳ. ಕುದಿಯುವ ನೀರಿನಲ್ಲಿ ಏನೋ ಕಸ ತೇಲುತ್ತಿತ್ತೋ ಏನೋ, ಅವಳು ಮುಚ್ಚಳ ಕೆಳಗಿಟ್ಟು ಉದ್ದನೆಯ ಸ್ಟೀಲ್ ಚಮಚವನ್ನು ಕೈಗೆತ್ತಿಕೊಂಡಳು.

"ಮೊದ್ಲು ಪ್ಲಗ್ಗು, ಹುಚ್ಚುಮುಂಡೇದೇ!"

ಆ ಕೂಗು ವರ್ನಾಳ ಬಾಯಿಂದಲೇ ಬಂದದ್ದು. ಚಮಚ ನೆಲಕ್ಕೆ ಬಿತ್ತು. ವರ್ನಾ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ರೇಲೀನಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವು ಬೆಚ್ಚಗಿದ್ದವು. ಆಕೆ ಬಿಡಲೇ ಇಲ್ಲ.

"ಏನಾಯ್ತು?" ರೇಲೀನ್‌ಗೆ ಗಾಬರಿಯಾಗಿತ್ತು. "ನಿಮಗೇ ಒಂದು ಕಪ್ ಚಹಾ ಕೊಡೋಣ ಅಂತ ಬಂದೆ. ಪಿಯಾನೋದವರಿಗೆ ಯಾವಾಗ್ಲೂ ಕೊನೇಲೇ ಸಿಗುತ್ತೆ ಅಂತ ಕ್ಲಾರಿ ಹೇಳ್ತಿದ್ದ."

ತಾನು ಕೂಗಿದ್ದನ್ನೇ ವರ್ನಾ ಇನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅದು ತನ್ನ ಮಾತಾಗಿರಲಿಲ್ಲ. ಪ್ರತಿ ಹಾಲ್‌ನಲ್ಲೂ, ಜಗ್ಗಿನ ಹತ್ತಿರ ಯಾರು ಸುಳಿದರೂ ಲಿಂಡ್ಸೆ ಹಾಗೆಯೇ ಗದರುತ್ತಿದ್ದ. ಮೇಯರ್ ಹೆಂಡತಿಯನ್ನೂ ಬಿಟ್ಟಿರಲಿಲ್ಲ. ಆ ಗೊಗ್ಗರು ದನಿ, ಕೊನೆಯಲ್ಲಿ ಒಡೆಯುವ ರೀತಿ, ಸಿಟ್ಟಿನ ಒಳಗಿನ ಹೆದರಿಕೆ, ಎಲ್ಲವೂ ಅವನದೇ. ಆಕೆ ಹುಡುಕಿಕೊಂಡು ಬಂದದ್ದು ಕಿವಿಯ ಹತ್ತಿರ ಮೆಲ್ಲಗೆ ಮಾತಾಡಿದವನನ್ನು. ಸಿಕ್ಕಿದ್ದು ಗದರಿಸುವವನು.

ಅಷ್ಟರಲ್ಲಿ ಗ್ರೇಮ್ ಓಡಿ ಬಂದಿದ್ದ. ಜಗ್ ನೋಡಿದ, ರೇಲೀನಳ ಒದ್ದೆ ಕೈ ನೋಡಿದ.

"ನಾನು ಬಾಗಿಲಲ್ಲೇ ಕತ್ತರಿಸ್ಬೇಕಿತ್ತು," ಎಂದ.

"ನಿನ್ನದೇನೂ ತಪ್ಪಿಲ್ಲ. ನಿನ್ನ ಒಳ್ಳೇತನಾನ ನಾನು ಕದ್ದೆ," ಎಂದಳು ವರ್ನಾ. ಆಮೇಲೆ ರೇಲೀನಳ ಕಡೆ ತಿರುಗಿ, "ನಿನ್ನನ್ನ ಕೊಂದೇ ಬಿಡ್ತಿದ್ದೆ ಮಗಳೇ, ನನ್ನ ಗಂಡನ ದನಿ ಕೇಳ್ಬೇಕು ಅಂತ," ಎಂದಳು. ರೇಲೀನ್‌ಗೆ ಅದು ಎಷ್ಟು ಅರ್ಥವಾಯಿತೋ, ಅವಳು ಮುದುಕಿಯನ್ನು ತಬ್ಬಿಕೊಂಡಳು.

ವರ್ನಾ ನೀರು ಚೆಲ್ಲಿ, ಜಗ್ಗನ್ನು ಒರೆಸಿ, ವೈರನ್ನು ನೇರಮಾಡಿ ಗ್ರೇಮ್‌ನ ಮುಂದೆ ಇಟ್ಟಳು.

"ಬೇಜಾರಾಗಲ್ವಾ?" ಎಂದ ಅವನು.

"ಆಗುತ್ತೆ," ಎಂದಳು. "ಕತ್ತರಿಸು."