ರಾಯಭಾರಿಯ ಅಂಗಿಗಳು

ಹಳೆಯ ಕಾಗದಗಳಿಗೆ ತೇಪೆ ಹಾಕುವುದು ನನ್ನ ಕೆಲಸ. ಪತ್ರಾಗಾರದ ಹಿಂದಿನ ಕೋಣೆಯಲ್ಲಿ ಅಂಟು, ಕುಂಚ, ತೆಳುಕಾಗದ ಇಟ್ಟುಕೊಂಡು ಕೂತಿರುತ್ತೇನೆ. ಮುಂದಿನ ಕೋಣೆಯ ಕಿಟಕಿ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷದಿಂದ ನನ್ನ ಭಾವ ಕೂತಿರುತ್ತಾರೆ. ಇತಿಹಾಸದ ಪ್ರೊಫೆಸರು. ಹೆಂಡತಿಯ ತಂಗಿ ಅದೇ ಕಟ್ಟಡದಲ್ಲಿದ್ದಾಳೆಂದು ಅವರಿಗೆ ನೆನಪಾಗುವುದು ಕನ್ನಡಕ ಮರೆತು ಬಂದ ದಿನ ಮಾತ್ರ.

ನಮ್ಮಲ್ಲಿ ಪತ್ರಗಳು ಎರಡು ಬಗೆಯ ಕಂತೆಗಳಲ್ಲಿವೆ. ಯುದ್ಧ, ಸಂಧಾನ, ರಾಜ್ಯಭಾರ ಕೆಂಪು ಬಟ್ಟೆಯಲ್ಲಿ. ಕೆಮ್ಮು, ಕಂಬಳಿ, ಮಗಳ ಮದುವೆ ಬಿಳಿ ಬಟ್ಟೆಯಲ್ಲಿ. ಇದು ಕಚೇರಿಯ ಮೊದಲ ಗುಮಾಸ್ತರು ಮಾಡಿಟ್ಟ ಪದ್ಧತಿ. ಆ ಪುಣ್ಯಾತ್ಮ ಎಷ್ಟು ಶಿಸ್ತಿನವರೆಂದರೆ, ಒಂದೇ ಪತ್ರದ ಮೊದಲ ಹಾಳೆಯಲ್ಲಿ ಕೋಟೆ, ಎರಡನೆಯದರಲ್ಲಿ ಕೆಮ್ಮು ಇದ್ದರೆ ಹಾಳೆಗಳನ್ನೇ ಬೇರೆ ಮಾಡಿ ಒಂದನ್ನು ಕೆಂಪಿಗೆ, ಇನ್ನೊಂದನ್ನು ಬಿಳಿಗೆ ಸೇರಿಸಿದರು. ಯಾವುದರ ಜೋಡಿ ಯಾವುದು ಎಂದು ಬರೆದಿಡುವ ಬುದ್ಧಿ ಮಾತ್ರ ಬರಲಿಲ್ಲ.

ಭಾವ ಬಿಳಿ ಕಂತೆ ಮುಟ್ಟಿದವರಲ್ಲ. "ಅದು ಅಡುಗೆಮನೆ ಕಂತೆ. ನನಗೆ ಬೇಕಾಗಿರೋದು ಇತಿಹಾಸ" ಎನ್ನುತ್ತಿದ್ದರು. ಊಟವಿಲ್ಲದೆ ಇತಿಹಾಸ ನಡೆದಿತ್ತೋ ಏನೋ, ಕೇಳುವ ಧೈರ್ಯ ನನಗಿರಲಿಲ್ಲ.

ಅವರ ಪುಸ್ತಕದ ಹೆಸರು 'ಹೇಡಿ ರಾಯಭಾರಿ'. ಇನ್ನೂರು ವರ್ಷದ ಹಿಂದೆ ಸಂಧಾನಕ್ಕೆಂದು ಪಕ್ಕದ ರಾಜ್ಯಕ್ಕೆ ಹೋದ ರಾಯಭಾರಿಯೊಬ್ಬ, ಆ ರಾಜ್ಯದವರು ಕೇಳಿದ ಎರಡು ಕೋಟೆಗಳನ್ನು ಬಿಟ್ಟುಕೊಡಿ ಎಂದು ತನ್ನ ದೊರೆಗೆ ಬರೆದ. ದೊರೆ ಕೊಟ್ಟರು, ಯುದ್ಧ ನಿಂತಿತು. ಆಮೇಲೆ ಹೇಡಿ ಎಂದು ಅವನನ್ನೇ ಮನೆಗೆ ಕಳಿಸಿದರು. ಭಾವನದೂ ದೊರೆಯ ಪಕ್ಷ. ಸಾಕ್ಷಿ, ಕೆಂಪು ಕಂತೆಯಲ್ಲಿದ್ದ, ರಾಯಭಾರಿ ಹೆಂಡತಿಗೆ ಬರೆದ ಪತ್ರದ ಒಂದು ಹಾಳೆ. ಅದು ಹೀಗೆ ಮುಗಿಯುತ್ತದೆ: "ಕೋಟೆಗಳನ್ನು ಕೊಟ್ಟುಬಿಡಿ ಎಂದು ಬರೆದೆ. ಕೈ ನಡುಗುತ್ತಿದೆ. ಕಾರಣ ನಿನಗೊಬ್ಬಳಿಗೇ ಹೇಳುತ್ತೇನೆ."

ಮುಂದಿನ ಹಾಳೆ ಸಿಕ್ಕಿರಲಿಲ್ಲ. ಭಾವ ತಾವೇ ಕಾರಣ ಕೊಟ್ಟರು: ಪುಕ್ಕಲುತನ. ಅದರ ಮೇಲೆ ಒಂಬತ್ತು ಅಧ್ಯಾಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಮುಖಪುಟದಲ್ಲಿ ಅದೇ ಹಾಳೆಯ ಚಿತ್ರ. ಅದನ್ನು ಮನೆಗೆ ಬಂದವರಿಗೆಲ್ಲ ಎಷ್ಟು ಸಲ ತೋರಿಸಿದ್ದರೆಂದರೆ, ಹಾಳೆಯಲ್ಲಿ ಹುಳ ಕೊರೆದ ಐದು ತೂತುಗಳೂ ನನಗೆ ಬಾಯಿಪಾಠವಾಗಿದ್ದವು.

ಶುಕ್ರವಾರ ಬಿಳಿ ಕಂತೆಯ ಹಾಳೆಯೊಂದಕ್ಕೆ ತೇಪೆ ಹಾಕಲು ಹೊರಟೆ. ಅದೇ ಐದು ತೂತು. ಕೆಂಪು ಹಾಳೆ ತರಿಸಿ ಒಂದರ ಮೇಲೊಂದಿಟ್ಟು ದೀಪದ ಗಾಜಿನ ಮೇಲೆ ಹಿಡಿದೆ. ಐದರಿಂದಲೂ ಬೆಳಕು ಬಂತು. ಗುಮಾಸ್ತರು ಬೇರೆ ಮಾಡುವ ಮೊದಲೇ ಹುಳ ತನ್ನ ಕೆಲಸ ಮುಗಿಸಿತ್ತು. ಅದಕ್ಕೆ ರಾಜಕೀಯವೂ ಒಂದೇ, ಸಂಸಾರವೂ ಒಂದೇ.

ಹೇಳದಿದ್ದರೆ ಸತ್ತವನಿಗೆ ಅನ್ಯಾಯ, ಹೇಳಿದರೆ ಬದುಕಿರುವವರ ಹನ್ನೊಂದು ವರ್ಷ ನೀರುಪಾಲು. ನನಗೆ ನಿಜಕ್ಕೂ ಸಂಕಟವಾಯಿತು. ಅಷ್ಟರಲ್ಲಿ ಅಕ್ಕ ಬಂದಳು, ಗಂಡ ಮರೆತ ಕನ್ನಡಕ ಹಿಡಿದುಕೊಂಡು. ಭಾವನನ್ನು ಕರೆದು ಇಬ್ಬರ ಮುಂದೆಯೂ ಓದಿದೆ:

"ಬಟ್ಟೆ ಒಗೆಯಲು ಕೊಟ್ಟು ಇಪ್ಪತ್ತು ದಿನವಾಯಿತು, ಒಂದು ಅಂಗಿಯೂ ವಾಪಸ್ಸು ಬಂದಿಲ್ಲ. ಬಟ್ಟೆ ಒಗೆಯುವವರನ್ನೆಲ್ಲ ನದಿಯಾಚೆ ಬೀಡುಬಿಟ್ಟ ಇವರ ದಂಡಿಗೆ ಕರೆದೊಯ್ದಿದ್ದಾರಂತೆ. ನಮ್ಮ ಇಡೀ ದಂಡಿಗೆ ಹನ್ನೆರಡು ಮಂದಿ ಸಾಕು. ಇಲ್ಲಿ ಇನ್ನೂರು ಮಂದಿ ಹೋಗಿದ್ದಾರೆ, ಇನ್ನೂ ಸಾಲದಂತೆ. ನೀನೇ ಲೆಕ್ಕ ಹಾಕು. ಅಂಗಿ ನೋಡಿ ಸೈನ್ಯ ಅಳೆದೆ ಎಂದು ದೊರೆಗೆ ಹೇಗೆ ಬರೆಯಲಿ? ಅವರು ನನ್ನನ್ನು ಹೇಡಿ ಎಂದುಕೊಳ್ಳಲಿ. ನೀನು ಹಾಗೆ ಅಂದುಕೊಳ್ಳಬೇಡ. ಅಂಗಿ ಕಳಿಸು."

"ಅಯ್ಯೋ ಪಾಪ!" ಎಂದಳು ಅಕ್ಕ. "ಯುದ್ಧ ಆಗಿದ್ರೆ ನಮ್ಮೋರು ಒಬ್ಬರೂ ಉಳೀತಿರಲಿಲ್ಲ."

ಭಾವ ಹಾಳೆ ಕಿತ್ತುಕೊಂಡರು. "ಇದು ಅದರ ಜೋಡಿ ಅಂತ ಯಾರು ಹೇಳಿದ್ದು?"

"ಹುಳ ಹೇಳ್ತು, ಭಾವ" ಎಂದೆ. ಅವರು ದೀಪದ ಮುಂದೆ ಬಗ್ಗಿ ಐದು ತೂತುಗಳನ್ನೂ ಎಣಿಸಿದರು. ಕನ್ನಡಕ ಹಾಕಿಕೊಂಡು ಮತ್ತೆ ಎಣಿಸಿದರು. ಐದೇ ಇದ್ದವು.

"ಬಟ್ಟೆ ಒಗೆಯೋ ವಿಷಯ ಅಂತ ಇದನ್ನ ಬಿಳಿ ಕಂತೆಗೆ ಹಾಕಿದ್ದಾನಲ್ಲ ಆ ಗುಮಾಸ್ತ!"

"ಅವರನ್ನ ಯಾಕೆ ಬೈತೀರಿ?" ಎಂದಳು ಅಕ್ಕ. "ಮನೇಲಿ ನಾನು ಹೇಳಿದ್ದನ್ನೆಲ್ಲ ನೀವೂ ಬಿಳಿ ಕಂತೆಗೇ ಹಾಕೋದು."

ಭಾವ ಮುದ್ರಣಾಲಯಕ್ಕೆ ಫೋನ್ ಮಾಡಿ "ನಿಲ್ಲಿಸಿ" ಎಂದರು. ಒಂದೇ ಮಾತು, ಆದರೆ ಅದನ್ನು ಹೇಳುವಾಗ ಅವರ ಕೈ ನಡುಗುತ್ತಿತ್ತು. ಇಷ್ಟು ವರ್ಷದಲ್ಲಿ ಅವರ ಮೇಲೆ ನನಗೆ ಅಷ್ಟು ಗೌರವ ಹುಟ್ಟಿದ್ದು ಅದೇ ಮೊದಲು.

ಸೋಮವಾರ ಬಂದವರೇ ಬಿಳಿ ಕಂತೆ ಕೇಳಿದರು.

"ಯಾವುದು ಬೇಕು ಭಾವ? ನಾನೂರ ಹನ್ನೆರಡಿವೆ."

"ಮೊದಲನೇದರಿಂದ ಕೊಡು. ಅವನ ಹೆಂಡತಿ ಏನಂದುಕೊಂಡಳು ಅಂತ ತಿಳೀದೆ ನಾನು ಏನು ಬರೀಲಿ?"

ಏಳು ತಿಂಗಳು ಕೆಮ್ಮು, ಕಂಬಳಿ, ಹಲ್ಲುನೋವು ಓದಿದರು. ಮಧ್ಯಾಹ್ನ ಅಕ್ಕನೂ ಬಂದು ಪಕ್ಕದಲ್ಲಿ ಕೂರತೊಡಗಿದಳು. ಮನೆಮಾತಿನ ಗೂಢಾರ್ಥ ಬಿಡಿಸುವುದರಲ್ಲಿ ಅವಳೇ ಪ್ರೊಫೆಸರು. ಮುನ್ನೂರ ಆರನೆಯ ಕಂತೆಯಲ್ಲಿ ಅಂಗೈಯಗಲದ ಚೀಟಿಯೊಂದು ಸಿಕ್ಕಿತು. ಹತ್ತಾರು ಸಲ ಬಿಚ್ಚಿ ಮಡಚಿ ಅದರ ಮಡಿಕೆಗಳು ಸವೆದು ಹರಿದಿದ್ದವು. ಭಾವ ಒಮ್ಮೆ ಕಣ್ಣಾಡಿಸಿ ಅಕ್ಕನ ಮುಂದಿಟ್ಟರು. ಅಕ್ಕ ತೆಗೆದುಕೊಂಡು ಓದಿದಳು:

"ಆರು ಅಂಗಿ ಕಳಿಸಿದ್ದೇನೆ. ಲೆಕ್ಕ ನಾನೂ ಹಾಕಿದೆ. ನೀವು ಮಾಡಿದ್ದೇ ಸರಿ."